ಮಚ್ಚಾನ್ ಅಂದ್ರೆ ಮಚ್ಚಲ್ಲ

ಅತ್ತೆ,

ಎರಡು ವರ್ಷ ಆದ್ಮೇಲೆ ನಮ್ಮ ಡಿಟೆಕ್ಟಿವ್ ತಿರುವೇಂಗಡಂ ಇವತ್ತು ಟೀವೀಲಿ ವಾಪಸ್ ಬರ್ತಿದಾನೆ! ಬೆಳಗಿಂದ ನನ್ನ ಕಾಲು ನೆಲದ ಮೇಲೆ ನಿಲ್ತಿಲ್ಲ. ಆದ್ರೆ ನುಂಗಂಬಾಕ್ಕಂ ಆಫೀಸಲ್ಲಿ ಆಡಿಟ್, ನಾನು ಬರೋದು ತಡ. ಸೀರಿಯಲ್ ಶುರುವಾದ ತಕ್ಷಣ ವಿಸಿಆರ್‌ನ ಕೆಂಪು ಗುಂಡಿ ಒತ್ತಿ. ಒಳಗಿರೋದು ನಿಮ್ಮ ಭಜನೆ ಕ್ಯಾಸೆಟ್ ಅಲ್ಲ, ದೇವರಾಣೆ.

ಹೋದ ಸಲ ಅವನು ತಮಿಳಲ್ಲಿ “ಮಚ್ಚಾನ್ ದಾನ್ ಕೊಲೆಕಾರನ್” ಅಂದಾಗ ನೀವು ಮಚ್ಚು ಅಂದ್ಕೊಂಡು ನಮ್ಮನೆ ಈಳಿಗೆಮಣೆ ಬಚ್ಚಿಟ್ರಿ. ಮಚ್ಚಾನ್ ಅಂದ್ರೆ ಹೆಂಡತಿಯ ತಮ್ಮ, ಅತ್ತೆ!

ಸಂಜೆ ನನ್ನ ತಮ್ಮ ಗಿರಿಧರ ಊಟಕ್ಕೆ ಬರ್ತಾನೆ. ನಿಮ್ಮ ಮಗ ಅವನನ್ನ ಮಚ್ಚಾನ್ ಅಂತಲೇ ಕರೆಯೋದು.

ಈ ಸಲವೂ ಮಚ್ಚಾನೇ ಕೊಲೆಗಾರ ಅಂತಾದ್ರೆ, ದಯವಿಟ್ಟು ಅವನ ತಟ್ಟೆಯಿಂದ ಹಪ್ಪಳ ಕಿತ್ಕೋಬೇಡಿ.

ಜಲಜ