ಕೀಲಿ ಹಾಕದ ನಕ್ಷೆ

ಆಲಮೇಲ
ಮಾರ್ಚ್ ೨೮, ೨೦೨೫

ಧರ್ಮರಾಜನಿಗೆ,

ಜೈಭೀಮ. ಗಂಡನಿಗೆ ನೀನು ಅನ್ನುತ್ತೀಯಾ ಎಂದು ಓಣಿ ಬೈದರೂ ನನಗೆ ಬೇರೆ ಬಾರದು. ಪಾಲಿಟೆಕ್ನಿಕ್ಕಿನಲ್ಲಿ ಒಂದೇ ಸೋಲ್ಡರಿಂಗ್ ಗನ್ನಿಗೆ ಜಗಳಾಡಿದವರು ನಾವು. ಫೋನಿನಲ್ಲೂ ಜಗಳವೇ ಆಗುತ್ತದೆ, ಅದಕ್ಕೇ ಈ ಕಾಗದ.

ವಿಜಯಪುರದಿಂದ ನೀನು ಕಳಿಸಿದ ಕಂಪನಿಯ ಕರಾರುಪತ್ರ ಬಂದಿದೆ. ಮಣ್ಣಿನ ಹಸಿ ನೋಡಿ ಪಂಪನ್ನು ತಾನೇ ಚಾಲೂ, ಬಂದ್ ಮಾಡುವ ನಮ್ಮಿಬ್ಬರ ಬೋರ್ಡನ್ನು ಅವರಿಗೆ ಬರೆದುಕೊಡಬೇಕು, ಅದರ ಸರ್ಕ್ಯೂಟ್ ನಕ್ಷೆ ಯಾರಿಗೂ ತೋರಿಸಬಾರದು. ನಿನ್ನ ಕೆಲಸ ಖಾಯಂ ಆಗುವುದೂ ಅದರ ಮೇಲೆಯೇ. ನನ್ನ ಸಹಿಯೊಂದು ಬಾಕಿ. ಹಾಕುವುದಿಲ್ಲ. ಸುತ್ತಿ ಬಳಸಿ ಹೇಳಲು ನನಗೆ ಬಾರದು.

ಚಿಪ್ ಮಾಡುವವರು ಪರೀಕ್ಷೆಗೆಂದು ಮಾರುವ ಆ ಮೊದಲ ಇವ್ಯಾಲ್ಯುಯೇಶನ್ ಬೋರ್ಡು ನೆನಪಿದೆಯೇ? ಸಿಂದಗಿಯಲ್ಲಿ ಕೊರಿಯರಿನವನಿಂದ ಇಸಿದುಕೊಂಡು ಬಸ್ಸಿನಲ್ಲೇ ಡಬ್ಬಿ ಬಿಚ್ಚಿದೆವು. ಕಿಟಕಿಯಾಚೆ ಕಬ್ಬಿನ ಸೂಲಂಗಿ ಹೂವು ಬಿಳಿ ಹೊಗೆಯಂತೆ ತೇಲುತ್ತಿತ್ತು. ತೊಡೆಯ ಮೇಲೆ ಅಂಗೈಯಷ್ಟು ಹಸಿರು ಹಲಗೆ. ತನ್ನ ಪ್ರತಿ ಪಿನ್ನು-ಕಾಲಿನ ಹೆಸರನ್ನೂ ಮೈಮೇಲೆ ಬರೆದುಕೊಂಡು ಬಂದಿತ್ತು. ಅದರ ನಕ್ಷೆಯೆಲ್ಲ ನೆಟ್ಟಿನಲ್ಲಿ ತೆರೆದಿತ್ತು: ನೋಡು, ನಕಲು ಮಾಡು, ತಿದ್ದು, ಇನ್ನೊಬ್ಬರಿಗೆ ಕೊಡು. ನೀನು ಬೆರಳಿಂದ ಸವರಿ, "ಇದ ನಮಗ ಮುಟ್ಟಬ್ಯಾಡ ಅನ್ನಂಗಿಲ್ಲ ನೋಡ" ಅಂದೆ. ಊರು ಬಂದದ್ದೇ ತಿಳಿಯಲಿಲ್ಲ.

ಅದೇ ನೀನು, ಯಾರೂ ನಕಲು ಮಾಡದಿರಲೆಂದು ಚಿಪ್ಪಿನ ಮೇಲಿನ ಹೆಸರು ಉಜ್ಜಿ ಅಳಿಸುವವರಿಗೆ ನಮ್ಮ ಕೂಸನ್ನು ಕೊಡುತ್ತೀಯಾ? ನಿನ್ನವ್ವ ಶೆಟ್ಟೆವ್ವ ಸಣ್ಣವಳಿದ್ದಾಗ ಬಾವಿಕಟ್ಟೆಯಿಂದ ದೂರ ಕೊಡ ಇಟ್ಟು, ಯಾರಾದರೂ ಸೇದಿ ಹೊಯ್ಯಲಿ ಎಂದು ಬಿಸಿಲಲ್ಲಿ ನಿಂತವಳು. ಕೀಲಿ ಹಾಕಿದ ನಕ್ಷೆಯೂ ಅಂಥದೇ ಬಾವಿ. ಈ ಸಲ ಕೀಲಿಕೈ ನಮ್ಮ ಕೈಗೆ ಬಂತೆಂದು ಹಿಗ್ಗಬೇಕೇ? ನನಗೆ ನಾಚಿಕೆ.

ನೀನೇಕೆ ಹೋದೆ ಎಂಬುದೂ ಗೊತ್ತು. ನಮ್ಮ ಕಬ್ಬಿನಲ್ಲಿ ಪಂಪು ಹಗಲಿಡೀ ನಿಲ್ಲದೆ ಓಡಿ, ನೀರು ಬದು ದಾಟಿ, ಪಕ್ಕದ ಗುರಲಿಂಗಪ್ಪನ ಕೊಯ್ಲಿಗೆ ಬಂದ ಜೋಳ ನೆಲಕ್ಕೆ ಮಲಗಿತು. ಅವನು ಬದುವಿನ ಮೇಲೆ ನಿಂತು, "ಏನೋ ಇಂಜಿನೇರ, ನಿನ್ನ ಮಷೀನಿಗೇ ನೀರಡಿಕಿ ಆಗಿತ್ತೇನು?" ಎಂದು ಊರಿಗೆ ಕೇಳುವಂತೆ ನಕ್ಕ. ನಿನ್ನವ್ವ ಬಿಟ್ಟಳೇ? "ಕುಡದದ್ದು ನಮ್ಮ ನೀರ, ಯಪ್ಪಾ. ನಿಮ್ಮ ಕೊಡ ಮುಟ್ಟಿಲ್ಲ ಬಿಡ್ರಿ!" ಎಂದಳು. ನಾನು ನಕ್ಕೆ. ನೀನು ನಗಲಿಲ್ಲ, ಆ ವಾರವೇ ಕಂಪನಿ ಸೇರಿದೆ. ಬಿದ್ದ ತೆನೆ ಆರಿಸಿ ಒಣಗಿಸಿ ಕೊಟ್ಟವರು ನಾವಿಬ್ಬರು ಹೆಂಗಸರು.

ಕಾರಣ ಸಿಕ್ಕಿದೆ, ಧರ್ಮ. ನಿನ್ನ ಪ್ರೋಗ್ರಾಮು ಸರಿಯಿತ್ತು. ನಮ್ಮದು ಕರಿ ಎರಿ ಭೂಮಿ. ಹಸಿಯಿದ್ದಾಗ ಊರಿದ ಸೆನ್ಸರ್ ಕಡ್ಡಿಯ ಸುತ್ತ ಬಿಸಿಲಿಗೆ ನೆಲ ಬಾಯಿ ಬಿಟ್ಟಿತು. ಕಡ್ಡಿ ಬಿರುಕಿನಲ್ಲಿ ನೇತಾಡಿತು. ಹನಿ ಪೈಪಿನ ನೀರು ಬಿರುಕು ದಾಟಿ ಕಡ್ಡಿಗೆ ತಾಗಲಿಲ್ಲ. ಗಾಳಿಯನ್ನು ಅಳೆಯುತ್ತ ಅದು ಒಣ, ಒಣ ಎಂದು ಕೂಗುತ್ತಲೇ ಇತ್ತು. ಈಗ ಎರಡು ಕಡ್ಡಿ ಊರಿ, ಅದೇ ಮಣ್ಣಿನ ರಾಡಿ ಸುತ್ತ ತುಂಬಿದ್ದೇನೆ. ಎರಡರಲ್ಲಿ ಒಂದು ಹಸಿ ಎಂದರೂ ಪಂಪು ನಿಲ್ಲುತ್ತದೆ. ನಿನ್ನೆ ನಿಂತಿತು. ನಿನ್ನವ್ವ ಬೋರ್ಡಿನ ಹತ್ತಿರ ಬಗ್ಗಿ, "ಮಲಗಿತೇನ ಕೂಸು?" ಎಂದು ಪಿಸುಗುಟ್ಟಿದಳು.

ಆಮೇಲೆ ಬೇವಿನ ನೆರಳಲ್ಲಿ ನನಗೂ ಮಂಪರು ಹತ್ತಿತು. ಭೀಮೆಯ ಎರಡೂ ದಂಡೆಗೆ ಹಸಿರು ಹಲಗೆಗಳು ಚಿಗುರಿದ್ದವು. ಒಂದರ ದೀಪ ಮಿಟುಕಿದರೆ ದೂರದ ಇನ್ನೊಂದು ಮಿಟುಕಿ, ಇಲ್ಲಿ ಹಸಿ, ಅಲ್ಲಿ ಒಣ ಎಂದು ನೀರಿನ ಸುದ್ದಿ ಹೊಲದಿಂದ ಹೊಲಕ್ಕೆ ನಡೆಯುತ್ತಿತ್ತು. ಯಾರ ಹೊಲ, ಯಾವ ಓಣಿ ಎಂದು ಒಂದೂ ಕೇಳಲಿಲ್ಲ. ನೀನು ಆ ಬೆಳಕಿನ ನಡುವೆ ಬರಿಗಾಲಲ್ಲಿ ಕೂತು ಒಂದೊಂದು ಹಲಗೆಗೂ ಏನೋ ಉಸುರುತ್ತಿದ್ದೆ, ತೊಟ್ಟಿಲ ಕೂಸಿನ ಕಿವಿಯಲ್ಲಿ ಹೆಸರು ಹೇಳುವವನಂತೆ.

ಕರಾರುಪತ್ರ ಸಹಿಯಿಲ್ಲದೆ ಇದರೊಂದಿಗಿದೆ.

ಸಿಟ್ಟು ಇಳಿಯದ, ಆದರೂ ನಿನ್ನವಳೇ ಆದ
ಪಲ್ಲವಿ

ತಾ.ಕ.: ಬಿರುಕಿನ ಮಾತು ನನಗೆ ಹೊಳೆದದ್ದಲ್ಲ. ಕಳೆದ ವಾರವೇ ನಮ್ಮ ನಕ್ಷೆ, ಪ್ರೋಗ್ರಾಮು ಎಲ್ಲವನ್ನೂ ನೆಟ್ಟಿನಲ್ಲಿ ತೆರೆದಿಟ್ಟು, ಏನು ತಪ್ಪಿದೆ ಹೇಳಿ ಎಂದು ಕೇಳಿದ್ದೆ. ಮಹಾರಾಷ್ಟ್ರದ ಪರಭಣಿಯ ಅಫ್ರೀನ ಎಂಬಾಕೆ, ನಾನು ಮುಖ ಕಾಣದವಳು, ತಮ್ಮದೂ ಕರಿ ಮಣ್ಣೆಂದು ಬಿರುಕಿನ ಫೋಟೊ ಕಳಿಸಿದಳು. ಹಾಗಾಗಿ ಕಂಪನಿಗೆ ಮಾರಲು ಗುಟ್ಟೇ ಉಳಿದಿಲ್ಲ. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಅಲ್ಲಿ ಬೋರ್ಡು ಕಟ್ಟಿದವರಲ್ಲಿ ನಿನ್ನ ಹೆಸರನ್ನೇ ಮೊದಲು ಬರೆದಿದ್ದೇನೆ. ಬೇಡವಾದರೆ ಅಳಿಸು. ಆದರೆ ಪಾಸ್‌ವರ್ಡ್ ಫೋನಿನಲ್ಲಿ ಹೇಳುವುದಿಲ್ಲ. ಬಂದು ಅಳಿಸು.