ಹೆಸರಿಟ್ಟರೆ ಕೂಗಿ ಕರೆ

ಚಿನ್ನು,

ಮಗಳಿಗೆ ನನ್ನ ಹೆಸರಿಡುತ್ತೇನೆ ಅಂತ ಬರೆದಿದ್ದೀಯಲ್ಲ, ನಿನಗೇನು ತಲೆ ಕೆಟ್ಟಿದೆಯಾ? ಹಳೇ ಹೆಸರೇ ಈಗ ಫ್ಯಾಷನ್ ಅನ್ನುತ್ತೀಯ. ನಮ್ಮ ಕಾಲದಲ್ಲಿ ಬೀದಿಯಲ್ಲಿ ನಿಂತು ಆ ಹೆಸರು ಕೂಗಿದರೆ ಮನೆಗೊಬ್ಬಳು ಓಗೊಡುತ್ತಿದ್ದಳು. ನಾನು ಕೆಲಸಕ್ಕಿದ್ದ ಹೊಲಿಗೆ ಅಂಗಡಿಯಲ್ಲೇ ಮೂವರಿದ್ದೆವು. ಅಂಗಡಿ ಯಜಮಾನರು ತಲೆ ಚಚ್ಚಿಕೊಂಡು, "ಇವತ್ತಿಂದ ನೀನು ಕತ್ತರಿ, ನೀನು ಇಸ್ತ್ರಿ, ನೀನು ಗುಂಡಿ" ಅಂದುಬಿಟ್ಟರು. ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದ ನಾನು ಗುಂಡಿಯೇ ಆದೆ. ಅಲ್ಲೇ ಅಳತೆ ತೆಗೆಯುತ್ತಿದ್ದ ನಿಮ್ಮಜ್ಜ ಮದುವೆಯಾದ ಮೇಲೂ ಹಾಗೇ ಕರೆದರು. ಆಮೇಲೆ ಅಮ್ಮನಾದೆ, ಅತ್ತೆಯಾದೆ, ಅಜ್ಜಿಯಾದೆ.

ಹೆಸರು ಹಿಡಿದು ಕರೆಯುತ್ತಿದ್ದವಳು ನಮ್ಮಕ್ಕ ಒಬ್ಬಳೇ. ಅವಳೂ ಹೋದಳು. ಈಗ ಆಸ್ಪತ್ರೆಯ ನರ್ಸು ಚೀಟಿ ನೋಡಿ ಓದುತ್ತಾಳೆ, ಅದು ಕರೆಯುವುದಲ್ಲ.

ಇಡಲೇಬೇಕು ಅಂತಿದ್ದರೆ ಇಡು. ಆದರೆ ಮೊಟಕು ಮಾಡಬೇಡ. ಮಗುವಿಗೆ ಎರಡು ಅಂಗಿ ಹೊಲಿದಿಟ್ಟಿದ್ದೇನೆ, ಮುಂದಿನ ತಿಂಗಳು ತರುತ್ತೇನೆ. ನಾನು ಅಲ್ಲಿರುವಷ್ಟು ದಿನ ಅವಳನ್ನು ಅಡುಗೆಮನೆಯಿಂದಲೇ ಗಟ್ಟಿಯಾಗಿ ಕರೆ. ನಾನು "ಓ" ಅಂದರೆ, "ನಿನ್ನನ್ನಲ್ಲ ಅಜ್ಜಿ" ಅನ್ನಬೇಡ.

ಇಂತಿ ನಿನ್ನ,
ಗುಂಡಿ ಅಜ್ಜಿ