ಎಮ್ಮೆಗೆ ಹಾಕಿದ ಗೋವಿನಜೋಳ

ಮಾಜೀದಣ್ಣಾ,

ಮೂರು ದಿನ ಕುಂಡಿ ಸವೆಯುವಂತೆ ಕೂತು ನಾನು ಆರಿಸಿ ತೆಗೆದ ಬೂಷ್ಟು ಹಿಡಿದ ಗೋವಿನಜೋಳವನ್ನು ನೀನು ನೆನೆಹಾಕಿ ಎಮ್ಮೆಗೆ ತಿನ್ನಿಸಿದ್ದೀಯ. ಸುಡಲಿಕ್ಕೆ ಕಟ್ಟಿಟ್ಟ ಚೀಲ ಅದು! ಕೇಳಿದರೆ, "ಕೆಟ್ಟದ್ದು ಎಮ್ಮೀಗೆ ಹಾಕೂದ ನಮ್ಮ ಮನಿ ಪದ್ಧತಿ. ಏಳನೇ ಕ್ಲಾಸಿಗೇ ಸಾಲಿ ಬಿಟ್ಟಾಂವ ನೀ, ನನಗ ಕಲಿಸ್ತೀಯೇನಲೇ?" ಅಂದೆ. ನಾನಲ್ಲಪಾ, ಕೃಷಿ ಕೇಂದ್ರದ ಮೇಡಂ ಆ ಕಾಳು ಅರೆದ ದ್ರಾವಣಕ್ಕೆ ವಿಷ ತೋರಿಸುವ ಪಟ್ಟಿ ಅದ್ದಿ ಪರೀಕ್ಷೆ ಮಾಡಿ ಹೇಳಿದ್ದು: "ಇದರ ವಿಷ ಹಾಲಿನ್ಯಾಗೂ ಇಳೀತೈತಿ, ಕಾಸಿದ್ರೂ ಹೋಗಂಗಿಲ್ಲ."

ನಿನ್ನ ಮಗಳು ಮುನ್ನಿ ಕುಡಿಯೋದು ಅದೇ ಹಾಲು.

ಈಗ ಕರೆದಿಟ್ಟ ಹಾಲನ್ನು ತಿಪ್ಪೆಗೆ ಸುರಿ. ಕೋಳಿಗೂ ಬೇಡ. ಹುಲಿಗಿ ಜಾತ್ರೆಗೆ ನಡೆದು ಹೋಗುವ ಭಕ್ತರಿಗೆ ಚಹಾ ಕಾಸಿ ಕೊಟ್ಟು ಪುಣ್ಯ ಗಳಿಸೋದೂ ಬೇಡ. ಮುನ್ನಿಗೆ ಪಾಕೀಟು ಹಾಲು ತಂದು ಒಲೆಯ ಪಕ್ಕ ಇಟ್ಟಿದ್ದೇನೆ. ಎಮ್ಮೆಗೆ ಬರೀ ಮೇವು ಹಾಕು. ಆರಿಸಿ ಉಳಿದ ಒಳ್ಳೆಯ ಕಾಳನ್ನು ತಾಡಪತ್ರಿಯ ಮೇಲೆ ಒಣಗಿಸು, ನೆಲದ ಮೇಲಲ್ಲ. ನಾನು ಒಂದು ಬಾಟಲಿ ಹಾಲು ಹಿಡಿದುಕೊಂಡು ಪರೀಕ್ಷೆಗೆ ಕೊಪ್ಪಳಕ್ಕೆ ಹೊರಟೆ.

ನನ್ನ ಮಾತು ಸುಳ್ಳೆನಿಸಿದರೆ ಆ ಹಾಲಿನ ಚಹಾ ನೀನೇ ಮಾಡಿಕೊಂಡು ಕುಡಿ, ಹಟಮಾರಿ.

ಬೇಡ, ನೀನೂ ಕುಡಿಯಬೇಡ.

ವಾಹೀದ